ಅತ್ತಿಗೆಯ ಹಸಿರು ನೈಟಿ

ಸಿನಿಮಾದವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಈಗಂತೂ ಆ ಮಾತು ಕಿವಿಗೆ ಬಿದ್ದರೆ ಸಾಕು, ಹೊಟ್ಟೆ ತೊಳಸುತ್ತದೆ. ಹಾಗಂತ ಹೇಸಿಗೆ ನನಗೆ ಹೊಸದೇನಲ್ಲ, ಅದೇ ನನ್ನ ಹೊಟ್ಟೆಪಾಡು. ನಾನು ಹಲ್ಲಿನ ಸೆಟ್ ಮಾಡುವವಳು. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚುಗಳನ್ನು ತೊಳೆದು, ಅವಕ್ಕೆ ಅಂಟಿದ ಎಂಜಲು, ರಕ್ತ, ಹಿಂದಿನ ದಿನದ ಊಟದ ಚೂರು ಎಲ್ಲ ತೆಗೆದು, ಮೇಣ ಕಟ್ಟಿ, ಹಲ್ಲು ಕೂರಿಸುತ್ತೇನೆ. ದೊಡ್ಡಮನುಷ್ಯರು ಎನಿಸಿಕೊಂಡವರ ಒಸಡು ಯಾವ ಸ್ಥಿತಿಯಲ್ಲಿದೆ ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ನೋಡಿಯೂ, ಮಧ್ಯಾಹ್ನ ಡಬ್ಬಿ ಬಿಚ್ಚಿ ಹೊಟ್ಟೆತುಂಬ ಉಣ್ಣುವ ಜಾತಿ ನನ್ನದು. ಅಂಥವಳಿಗೆ ಆ ಶೂಟಿಂಗ್ ನಡೆದಷ್ಟು ದಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ನನ್ನ ಅಣ್ಣ ಸಿನಿಮಾ ಯೂನಿಟ್ಟಿನಲ್ಲಿ ಲೈಟು ಕಟ್ಟುವವನು. ಅತ್ತಿಗೆ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಮನೆಯಲ್ಲಿ ಎಲ್ಲರೂ ಚಿಣ್ಣಿ ಎನ್ನುತ್ತೇವೆ. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲವೆಂದು ನಾನು ಗಂಟುಮೂಟೆ ಕಟ್ಟಿಕೊಂಡು ಅಣ್ಣನ ಮನೆಗೆ ಬಂದೆ. ಚಿಣ್ಣಿ ಊಟ ಮಾಡುತ್ತಿದ್ದಳು, ಸ್ಕೂಲಿಗೆ ಹೋಗುತ್ತಿದ್ದಳು, ಮಗ್ಗಿ ಒಪ್ಪಿಸುತ್ತಿದ್ದಳು. ಅತ್ತದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಅಣ್ಣನಿಗೆ ಅದೇ ದೊಡ್ಡ ಕೊರಗು. "ಅಳ್ಬೇಕಲ್ವೇನೇ? ಅಮ್ಮ ಸತ್ರೆ ಮಕ್ಳು ಅಳ್ಬೇಕು ತಾನೆ?" ಎಂದು ನನ್ನನ್ನು ಕೇಳುತ್ತಿದ್ದ, ಉತ್ತರ ನನ್ನ ಜೇಬಿನಲ್ಲಿದೆ ಎಂಬಂತೆ.

ಚಿಣ್ಣಿಗೆ ಇದ್ದದ್ದು ಒಂದೇ ಹಟ. ಅತ್ತಿಗೆ ಕೊನೆಯ ತಿಂಗಳುಗಳನ್ನು ಹಾಸಿಗೆಯಲ್ಲಿ ಕಳೆದದ್ದು ಒಂದು ಹಸಿರು ನೈಟಿಯಲ್ಲಿ. ಸಣ್ಣ ಬಿಳಿ ಚುಕ್ಕಿಯದು, ಒಂದೇ ಜೇಬು. ಅದನ್ನು ಮುಖದ ಮೇಲೆ ಎಳೆದುಕೊಂಡರೆ ಮಾತ್ರ ಚಿಣ್ಣಿಗೆ ನಿದ್ದೆ. ಸುಳ್ಳೇಕೆ ಹೇಳಲಿ, ಅದು ನಾರುತ್ತಿತ್ತು. ಬೆವರು, ನೋವಿನ ಮುಲಾಮು, ಚೆಲ್ಲಿದ ಹಾಲು, ಸಿರಪ್ಪು, ಅದರಾಚೆ ಹೇಳಬಾರದ್ದೂ ಇತ್ತು. ಬಂದ ಹೊಸತರಲ್ಲಿ ನಾನು ಮೂಗು ಮುಚ್ಚಿಕೊಂಡು ಅದನ್ನು ವಾಷಿಂಗ್ ಮಷಿನ್ನಿಗೆ ಹಾಕಲು ಹೋದೆ. ಚಿಣ್ಣಿ ಓಡಿಬಂದು ನನ್ನ ಮುಂಗೈ ಕಚ್ಚಿದಳು. ಮುಂದಿನ ಎರಡು ಹಾಲುಹಲ್ಲು ಬಿದ್ದಿವೆ ಎಂದು ಆ ಗುರುತು ನೋಡಿದ ಯಾರಾದರೂ ಹೇಳಬಹುದಿತ್ತು.

"ಅಮ್ಮನ್ ವಾಸನೆ ಇದೊಂದ್ರಲ್ಲೇ ಇರೋದು ಅತ್ತೆ," ಎಂದಳು, ಕಚ್ಚಿದ ಮೇಲೆ. "ಬೇರೆ ಎಲ್ಲಾ ನೀವು ತೊಳ್ದುಬಿಟ್ರಿ."

ಹೌದು, ತೊಳೆದಿದ್ದೆವು. ಹಾಸಿಗೆ, ಹೊದಿಕೆ, ದಿಂಬಿನ ಚೀಲ, ಕೋಣೆಯ ನೆಲ, ಎಲ್ಲ. ಸತ್ತ ಮನೆಯನ್ನು ತೊಳೆಯದೆ ಯಾರು ಬಿಡುತ್ತಾರೆ? ಅವತ್ತು ನಾನು ಅವಳಿಗೆ ಮಾತು ಕೊಟ್ಟೆ. ನೀನಾಗೇ ಕೊಡೋವರೆಗೂ ಇದಕ್ಕೆ ಒಂದು ಹನಿ ನೀರು ತಾಗಿಸುವುದಿಲ್ಲ ಎಂದೆ. ಆಮೇಲೆ ಆ ನಾತಕ್ಕೆ ನನ್ನ ಮೂಗೂ ಒಗ್ಗಿತು.

ಈ ಸಂಗತಿಯನ್ನು ಅಣ್ಣ ಹೋಗಿ ಯೂನಿಟ್ಟಿನಲ್ಲಿ ಹೇಳಿಕೊಂಡಿದ್ದಾನೆ. ಲೈಟಿನವರು ಊಟದ ಹೊತ್ತಿನಲ್ಲಿ ಕಷ್ಟಸುಖ ಮಾತಾಡುತ್ತಾರಲ್ಲ, ಹಾಗೆ. ಅದು ಬಾಯಿಂದ ಬಾಯಿಗೆ ಹೋಗಿ ನಿರ್ದೇಶಕರ ಕಿವಿಗೆ ಬಿತ್ತು. ಒಂದು ಭಾನುವಾರ ಅವರು ನಮ್ಮ ಮನೆಯ ಸೋಫಾದ ಮೇಲೆ ಬಂದು ಕೂತಿದ್ದರು. ಆ ಮನುಷ್ಯ ಪ್ರತಿ ಮಾತಿಗೂ ಮೊದಲು ಒಂದು ನಿಟ್ಟುಸಿರು ಬಿಡುತ್ತಿದ್ದರು. ಯೂನಿಟ್ಟಿನಲ್ಲೂ ಅವರಿಗೆ ನಿಟ್ಟುಸಿರು ಎಂದೇ ಹೆಸರಂತೆ. ನಾನು ಅಭ್ಯಾಸಬಲದಿಂದ ಬಾಯಿ ನೋಡಿದೆ. ಮುಂದಿನ ಹಲ್ಲುಗಳೆಲ್ಲ ಕೂರಿಸಿದ್ದು, ಹಾಲಿಗಿಂತ ಬಿಳಿ.

"ನೆನಪು ಅನ್ನೋದು," ಒಂದು ನಿಟ್ಟುಸಿರು, "ರಕ್ತದಲ್ಲಿ ಹರಿದು ಬರುತ್ತೆ ಮೇಡಂ."

ನಮ್ಮ ವಂಶದಲ್ಲಿ ರಕ್ತದಲ್ಲಿ ಹರಿದು ಬಂದದ್ದು ಸಕ್ಕರೆ ಕಾಯಿಲೆ ಮತ್ತು ಸಡಿಲ ಒಸಡು. ನಾನು ಹಾಗೇ ಹೇಳಿದೆ. ಅಣ್ಣ ಕಣ್ಣಿನಲ್ಲೇ ಗದರಿಸಿದ.

ಅವರ ಸಿನಿಮಾದ ಕತೆ ಇಷ್ಟು. ಒಬ್ಬ ಹುಡುಗಿ, ಅವಳಿಗೆ ತಾಯಿ ಇಲ್ಲ. ಒಂದು ದಿನ ಕಪಾಟು ತೆರೆದು ತಾಯಿಯ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಳ್ಳುತ್ತಾಳೆ. ಆಗ ತಾಯಿಯ ನೆನಪುಗಳೆಲ್ಲ ಮಗಳಿಗೆ ಬರುತ್ತವೆ. ತಾಯಿ ಚಿಕ್ಕವಳಿದ್ದಾಗ ಬಿದ್ದದ್ದು, ಹೆದರಿದ್ದು, ಯಾರನ್ನೋ ಕಳೆದುಕೊಂಡದ್ದು, ಎಲ್ಲ. ತಾಯಿ ಅಳದೆ ಬಿಟ್ಟ ಅಳುವನ್ನು ಮಗಳು ಅಳುತ್ತಾಳೆ. ಇದಕ್ಕೆ ಅವರಿಗೆ ನಟಿಸುವ ಮಗು ಬೇಡ, ಚಿಣ್ಣಿಯೇ ಬೇಕು. ಬಟ್ಟೆಯೂ ಬೇರೆಯದಾಗದು, ಆ ನೈಟಿಯೇ ಆಗಬೇಕು.

"ಕ್ಯಾಮೆರಾಗೆ ಗೊತ್ತಾಗುತ್ತೆ ಮೇಡಂ, ಯಾವುದು ನಿಜ ಅಂತ," ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ ದನಿ ತಗ್ಗಿಸಿದರು. "ಒಂದ್ಸಲ ಅವಳು ಮನಸ್ಸು ಬಿಚ್ಚಿ ಅತ್ತುಬಿಟ್ರೆ ಹಗುರ ಆಗ್ತಾಳೆ. ಇದು ಬರೀ ಸಿನಿಮಾ ಅಲ್ಲ, ಔಷಧಿ ಅಂತ ತಿಳ್ಕೊ."

ಅಣ್ಣನ ಮುಖ ನೋಡಬೇಕಿತ್ತು. ಮೂಗಿಗೆ ತುಪ್ಪ ಸವರುವುದು ಎಂದರೇನು ಎಂದು ಅವತ್ತು ಕಣ್ಣಾರೆ ಕಂಡೆ. ನಾನು ಬೇಡವೆಂದೆ, ಕೂಗಾಡಿದೆ, ಬಾಗಿಲು ದಡಾರನೆ ಹಾಕಿದೆ. ಅಪ್ಪ ಅವನು, ನಾನು ಅತ್ತೆ. ನನ್ನ ಮಾತು ಎಲ್ಲಿ ನಡೆಯಬೇಕು? ಕೊನೆಗೆ ಒಂದು ಷರತ್ತು ಹಾಕಿದೆ: ಆ ನೈಟಿಗೆ ಒಂದು ಹನಿ ನೀರು ತಾಗಕೂಡದು. ನಿಟ್ಟುಸಿರು ಎದೆಯ ಮೇಲೆ ಕೈಯಿಟ್ಟುಕೊಂಡು, "ಪ್ರಾಣ ಹೋದ್ರೂ ಇಲ್ಲ" ಎಂದರು. ಆಮೇಲೆ ಚಿಣ್ಣಿಯ ಮುಂದೆ ಮಂಡಿಯೂರಿ ಕೂತು ಹೇಳಿದರು, "ನೀನು ಇದನ್ನ ಕೊಟ್ರೆ ಅಮ್ಮ ಸಿನಿಮಾದೊಳಗೆ ಬರ್ತಾರೆ ಬಂಗಾರ."

"ನಮ್ಮಮ್ಮಾನಾ?"

"ನಿಮ್ಮಮ್ಮಾನೇ."

ಚಿಣ್ಣಿ ಒಳಗೆ ಹೋಗಿ ನೈಟಿಯನ್ನು ನಾಲ್ಕು ಮಡಿಕೆ ಮಾಡಿ ತಂದುಕೊಟ್ಟಳು. ಆ ಮನುಷ್ಯ ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡರು, ಸತ್ತ ಇಲಿಯ ಬಾಲ ಹಿಡಿದ ಹಾಗೆ. ನಿಜ ಬೇಕಂತೆ ನಿಜ!

ಶೂಟಿಂಗ್ ಒಂದು ಹಳೆಯ ಗೋದಾಮಿನಲ್ಲಿ. ಅದರೊಳಗೆ ಪ್ಲೈವುಡ್ಡಿನಲ್ಲಿ ಒಂದು ಮನೆ ಕಟ್ಟಿದ್ದರು. ಅಡುಗೆಮನೆಗೆ ನಲ್ಲಿ ಇತ್ತು, ನೀರಿರಲಿಲ್ಲ. ಕಿಟಕಿಯ ಆಚೆ ಬೆಳಗ್ಗೆ ಬೇಕಾದರೆ ಬೆಳಗ್ಗೆ, ಸಂಜೆ ಬೇಕಾದರೆ ಸಂಜೆ, ನನ್ನ ಅಣ್ಣ ಸ್ವಿಚ್ಚು ಒತ್ತಿ ತರುತ್ತಿದ್ದ. ನಾನು ರಜೆ ಹಾಕಿ ಚಿಣ್ಣಿಯ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲರೂ ಎಲ್ಲರನ್ನೂ ತಬ್ಬಿಕೊಳ್ಳುವವರು, ಬೆನ್ನು ತಿರುಗಿದ ಕೂಡಲೇ ಬೈಯುವವರು. ತಾಯಿಯ ಪಾತ್ರದ ನಟಿ ಬಂದವಳೇ ಚಿಣ್ಣಿಯ ಕೆನ್ನೆ ಹಿಂಡಿ, "ನಾನೇ ನಿನ್ನಮ್ಮ, ಗೊತ್ತಾಯ್ತಾ?" ಎಂದಳು. ಚಿಣ್ಣಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ನೈಟಿಯನ್ನು ಬಟ್ಟೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಕಪಾಟಿನ ದೃಶ್ಯದವರೆಗೆ ಮಗು ಅದನ್ನು ನೋಡಬಾರದು, ಹಸಿವು ಹಸಿವಾಗೇ ಇರಬೇಕು ಎಂದು ನಿಟ್ಟುಸಿರಿನ ಅಪ್ಪಣೆ. ಮನೆಯಲ್ಲಿ ಚಿಣ್ಣಿಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಇಳಿಯಿತು. ಮೇಕಪ್ಪಿನವಳು ಅದನ್ನು ನೋಡಿ, "ನನ್ನ ಕೆಲ್ಸ ಉಳೀತು" ಎಂದು ಖುಷಿಪಟ್ಟಳು. ಅವಳ ಕೆನ್ನೆಗೊಂದು ಬಾರಿಸಲೇ ಎನಿಸಿತ್ತು ನನಗೆ.

ನೈಟಿ ಹೇಗಿದೆಯೋ ನೋಡಿಬರೋಣ ಎಂದು ಒಂದು ದಿನ ಬಟ್ಟೆ ಕೋಣೆಗೆ ಹೋದೆ. ಕಾಸ್ಟ್ಯೂಮಿನವರು ವಯಸ್ಸಾದ ಮನುಷ್ಯ, ಪಾಪದವರು. ಮೂಲೆಯಲ್ಲಿ ಸ್ಟೌವಿನ ಮೇಲೆ ದೊಡ್ಡ ಪಾತ್ರೆ ಇತ್ತು, ಕಪ್ಪಗೆ ಟೀ ಕುದಿಯುತ್ತಿತ್ತು. ಇಡೀ ಯೂನಿಟ್ಟಿಗೆ ಕಾಯಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಅವರು ಅದರೊಳಗೆ ಕೋಲು ಆಡಿಸಿ ಮೇಲೆತ್ತಿದರು. ಕೋಲಿನ ತುದಿಯಲ್ಲಿ ಹಸಿರು ಬಟ್ಟೆ, ಬಿಳಿ ಚುಕ್ಕಿ.

"ಏನ್ ಮಾಡ್ತಿದೀರ?" ಎಂದೆ.

"ಹಳೇದು ಮಾಡ್ತಿದೀನಿ ಅಕ್ಕ." ಅವರ ದನಿಯಲ್ಲಿ ಹೆಮ್ಮೆ ಇತ್ತು. "ಟೀಲಿ ಕುದಿಸಿದ್ರೆ ಬಣ್ಣ ಸ್ವಲ್ಪ ಸಾಯುತ್ತೆ. ಆಮೇಲೆ ಕುತ್ತಿಗೆ ಹತ್ರ ಉಪ್ಪುಕಾಗದ ಉಜ್ಜಿ, ಕಂಕುಳಿಗೆ ಕಂದು ಬಣ್ಣ ಹೊಡೀತೀನಿ. ಬೆವರಿದ ಹಾಗೇ ಕಾಣುತ್ತೆ, ನೋಡ್ತಿರಿ."

"ಅದ್ರಲ್ಲಿ ಬೆವರು ಇತ್ತಲ್ರೀ!"

"ಇತ್ತು, ಅಯ್ಯೋ, ಆ ನಾತ! ತಾಯಿ ಪಾತ್ರದ ಮೇಡಂ ಹಾಕ್ಕೊಳಲ್ಲ ಅಂದ್ರು. ನಮ್ಮಲ್ಲಿ ಹೇಗೂ ಒಬ್ರ ಮೈಮೇಲಿನ ಬಟ್ಟೆ ತೊಳೀದೆ ಇನ್ನೊಬ್ಬರಿಗೆ ಕೊಡಲ್ಲ. ಬಿಸಿನೀರಿನ ಸೋಪಲ್ಲಿ ಎರಡು ಸಲ ಒಗ್ದೆ. ಒಗ್ದ ಮೇಲೆ ಮಾನಿಟರ್‌ನಲ್ಲಿ ನೋಡಿದ್ರೆ ಹೊಸದರ ಹಾಗೆ ಫಳಫಳ. ಸಾಯೋರು ಹಾಕಿದ ಹಾಗೆ ಕಾಣ್ಬೇಕು ಅಂತ ಸಾರ್ ಹೇಳಿದ್ರು."

"ಸಾಯೋರೇ ಹಾಕಿದ್ದು ಅದು," ಎಂದೆ. "ನಮ್ಮತ್ತಿಗೆ. ಅದ್ರಲ್ಲೇ ಸತ್ತಿದ್ದು."

ಆ ಮನುಷ್ಯನ ಕೈಯಿಂದ ಕೋಲು ಜಾರಿತು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಚೀಲದಲ್ಲಿ ಒಂದು ಹಳೆಯ ನೈಟಿ ಬಂತು, ಇದು ತಾಯಿ ಪಾತ್ರದ್ದು ಎಂದರು, ಅಷ್ಟೆ. ಎದೆ ಮುಟ್ಟಿಕೊಂಡು ಪ್ರಾಣ ಪಣಕ್ಕಿಟ್ಟಿದ್ದವರು ನಮ್ಮ ಮೆಟ್ಟಿಲು ಇಳಿಯುವಷ್ಟರಲ್ಲೇ ಅದನ್ನು ಮರೆತಿದ್ದರು. ಪಕ್ಕದ ಹಗ್ಗದ ಮೇಲೆ ಅದೇ ಹಸಿರಿನ, ಅದೇ ಚುಕ್ಕಿಯ ಇನ್ನೂ ಎರಡು ನೈಟಿ ತೂಗುತ್ತಿದ್ದವು. ಬಟ್ಟೆ ಹರಿಯುವ ದೃಶ್ಯಕ್ಕೆ ಒಂದು, ನೆನೆಯುವ ದೃಶ್ಯಕ್ಕೆ ಒಂದು, ಹೊಲಿಸಿದ್ದು. ನಾನು ಪಾತ್ರೆಯೊಳಗಿನದನ್ನು ಹೊರಗೆಳೆದು ಮುಖಕ್ಕೆ ಹಿಡಿದೆ. ಸೋಪು ಮತ್ತು ಟೀ. ಕೈ ಸುಟ್ಟದ್ದು ಆಮೇಲೆ ಗೊತ್ತಾಯಿತು.

ನಿಟ್ಟುಸಿರು ತಮ್ಮ ಕುರ್ಚಿಯಲ್ಲಿ ಕೂತು ಕತ್ತರಿಸಿದ ಹಣ್ಣು ತಿನ್ನುತ್ತಿದ್ದರು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮನುಷ್ಯ ಮುಳ್ಳುಚಮಚ ಕೆಳಗಿಡಲಿಲ್ಲ. ಬೈಗುಳ ಮುಗಿಯುವವರೆಗೆ ಅಗಿಯುತ್ತಿದ್ದು, ಆಮೇಲೆ ಕೇಳಿದರು, "ಮಗೂಗೆ ಗೊತ್ತಾ?"

"ಇಲ್ಲ."

ಆ ಕಣ್ಣುಗಳು ಅರಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವತ್ತು ಮೊದಲ ಬಾರಿಗೆ ನಿಟ್ಟುಸಿರೇ ಇಲ್ಲದೆ ಮಾತು ಹೊರಬಂತು. "ಹೇಳ್ಬೇಡಿ. ದಯವಿಟ್ಟು ಹೇಳ್ಬೇಡಿ. ಯೋಚ್ನೆ ಮಾಡಿ ಮೇಡಂ, ಅವಳು ಕಪಾಟು ತೆಗೀತಾಳೆ, ಇಷ್ಟು ದಿನ ಕಾದಿದ್ದು, ಮುಖಕ್ಕೆ ಒತ್ಕೋತಾಳೆ, ಅಲ್ಲಿ ಅಮ್ಮ ಇಲ್ಲ! ಆ ಒಂದು ಕ್ಷಣ! ಅದನ್ನ ಯಾರಾದ್ರೂ ನಟಿಸೋಕಾಗುತ್ತಾ?" ಹಣ್ಣಿನ ರಸ ಗಡ್ಡಕ್ಕೆ ಇಳಿದಿತ್ತು. "ಕಪಾಟಿನ ಸೀನ್ ಈಗಲೇ ತಗೋತೀನಿ. ಆ ನೈಟೀನ ಹೇಗಾದ್ರೂ ಬೇಗ ಒಣಗಿಸಿ ತರ್ಲಿ," ಎಂದು ಎದ್ದು ನಿಂತರು.

ಅಣ್ಣನನ್ನು ಹುಡುಕಿಕೊಂಡು ಹೋದೆ. ಅವನು ಏಣಿಯ ಮೇಲೆ ನಿಂತು ಕಪಾಟಿನ ಕಡೆಗೆ ಲೈಟು ತಿರುಗಿಸುತ್ತಿದ್ದ. ವಿಷಯ ಅವನಿಗೂ ಆಗಲೇ ತಿಳಿದಿತ್ತು.

"ಕೆಳಗಿಳಿ. ಮಗು ಕರ್ಕೊಂಡು ಮನೆಗೆ ಹೋಗೋಣ."

"ತೊಳ್ದಿದ್ದು ತೊಳ್ದಾಯ್ತಲ್ಲೇ," ಎಂದ, ನನ್ನ ಮುಖ ನೋಡದೆ. "ಈಗ ಕರ್ಕೊಂಡ್ ಹೋದ್ರೆ ಅದು ವಾಪಸ್ ಬರುತ್ತಾ? ಸಾರ್ ಹೇಳೋದ್ರಲ್ಲೂ ಅರ್ಥ ಇದೆ. ಒಂದ್ಸಲ ಅಳ್ಲಿ. ನನ್ ಮಗಳು ಒಂದ್ಸಲ ಅತ್ರೆ ಸಾಕು ನಂಗೆ."

"ನಿನ್ನ ಬುದ್ಧಿಗೆ ಏನಾಗಿದ್ಯೋ? ಮಗೂನ ಅಳ್ಸೋಕೆ ಅಮ್ಮನ್ನ ಇನ್ನೊಂದ್ಸಲ ಸಾಯಿಸ್ತೀಯಾ?"

"ಶಾಟ್ ಆಗ್ಲಿ, ಆಮೇಲೆ ನೀನೇ ಹೇಳು. ನಿನ್ ಕಾಲಿಗೆ ಬೀಳ್ತೀನಿ."

ಅವನು ಏಣಿಯ ಮೇಲಿಂದಲೇ ಕೈಮುಗಿದ. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಒಂದೇ ತಾಯಿಯ ಹಾಲು ಕುಡಿದವನು ಎಂಬುದಕ್ಕೇ ಅಸಹ್ಯವಾಯಿತು.

ಚಿಣ್ಣಿ ಮೇಕಪ್ ಕೋಣೆಯಲ್ಲಿ ಒಬ್ಬಳೇ ಕೂತು ಕಾಲಾಡಿಸುತ್ತಿದ್ದಳು. ಬಾಗಿಲು ಹಾಕಿ ಎದುರಿಗೆ ಕೂತೆ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. "ಅಮ್ಮನ ನೈಟಿ ತೊಳ್ದುಬಿಟ್ರು ಚಿಣ್ಣಿ. ನಾನು ಇರ್ಲಿಲ್ಲ ಅಲ್ಲಿ," ಎಂದೆ.

ಅವಳ ಕಾಲು ನಿಂತಿತು. ಕಚ್ಚುತ್ತಾಳೇನೋ ಎಂದುಕೊಂಡೆ, ಕಚ್ಚಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಎಲ್ಲಾ ಹೋಯ್ತಾ?"

"ಹ್ಞೂಂ."

"ಮುಲಾಮಿಂದೂ?"

"ಅದೂ ಹೋಯ್ತು ಕಂದ."

"ಈಗ ಯಾವ್ ವಾಸನೆ ಬರತ್ತೆ?"

"ಸೋಪಿಂದು. ಟೀದು."

ಅವಳು ಕುರ್ಚಿಯಿಂದ ಇಳಿದಳು. ಆಮೇಲೆ, "ಮನೆಗೆ ಹೋಗೋಣ ಅತ್ತೆ" ಎಂದಳು. ನಾನು ಅವಳ ಚಪ್ಪಲಿ ಹುಡುಕುತ್ತಿದ್ದೆ, ಅಷ್ಟರಲ್ಲಿ ಬಾಗಿಲು ತೆರೆದು ಅಣ್ಣ ಬಂದ. ಹಿಂದೆ ಇಬ್ಬರು ಯೂನಿಟ್ಟಿನವರು. "ಶಾಟ್ ರೆಡಿ" ಎಂದವನೇ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಅವಳು ಕೊಸರಲಿಲ್ಲ. ಅವನ ಭುಜದ ಮೇಲಿಂದ ನನ್ನನ್ನೇ ನೋಡುತ್ತ ಹೋದಳು. ನಾನು ಹಿಂದೆ ಓಡಿದೆ. ಪ್ಲೈವುಡ್ಡಿನ ಗೋಡೆಯ ಹತ್ತಿರ ಆ ಇಬ್ಬರೂ ನನಗೆ ಅಡ್ಡ ನಿಂತರು. ಒಳಗೆ ಕ್ಯಾಮೆರಾ ಓಡುತ್ತಿದೆ, ಉಸಿರೂ ಕೇಳಿಸಬಾರದು ಎಂದರು.

ಅವರ ತೋಳುಗಳ ಸಂದಿಯಿಂದ ನೋಡಿದೆ. ಚಿಣ್ಣಿ ಕಪಾಟು ತೆರೆದಳು. ನೈಟಿಯನ್ನು ಕೈಗೆ ತೆಗೆದುಕೊಂಡಳು. ಕುತ್ತಿಗೆಯ ಹತ್ತಿರ ಉಜ್ಜಿದ್ದನ್ನು, ಕಂಕುಳಿನ ಕಂದು ಬಣ್ಣವನ್ನು ನೋಡಿದಳು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ, ಇದ್ದಲ್ಲೇ ಇಟ್ಟು, ಕಪಾಟು ಮುಚ್ಚಿದಳು.

"ಬಂಗಾರ, ಮುಖಕ್ಕೆ ಒತ್ಕೋಬೇಕು," ಎಂದು ನಿಟ್ಟುಸಿರು ಕತ್ತಲಿನಿಂದ ಹೇಳಿದರು. "ಕ್ಯಾಮೆರಾ ನಿಲ್ಸ್ಬೇಡಿ."

"ಒತ್ಕೊಳಲ್ಲ."

"ಅಮ್ಮಂದು ಕಣಮ್ಮ ಅದು."

"ಗೊತ್ತು. ಒತ್ಕೊಳಲ್ಲ."

ಆಗ ಆ ಮನುಷ್ಯ ನನ್ನ ಅಣ್ಣನ ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ತಳ್ಳಿದರು. ಕ್ಯಾಮೆರಾದವನು ಮಗುವಿನ ಮುಖ ಮಾತ್ರ ಕಾಣುವ ಹಾಗೆ ಹತ್ತಿರ ಮಾಡಿಕೊಂಡ. ಅಣ್ಣ ಬಗ್ಗಿ, ಚೌಕಟ್ಟಿಗೆ ತನ್ನ ತಲೆ ಸಿಗದ ಹಾಗೆ ಮಗಳ ಪಕ್ಕಕ್ಕೆ ಹೋಗಿ, ಕಪಾಟಿನಿಂದ ನೈಟಿ ತೆಗೆದು, "ಒಂದ್ಸಲ ಮೂಸು ಚಿಣ್ಣಿ, ಒಂದೇ ಒಂದ್ಸಲ, ಅಪ್ಪಂಗೋಸ್ಕರ" ಎನ್ನುತ್ತ ಅವಳ ಮೂಗು ಬಾಯಿಗೆ ಒತ್ತಿ ಹಿಡಿದ. ಇನ್ನೊಂದು ಕೈ ಅವಳ ತಲೆಯ ಹಿಂದೆ ಇತ್ತು.

"ಬಿಡೋ ಅವಳನ್ನ!" ಎಂದು ಕಿರುಚಿದೆ. ಅಡ್ಡ ನಿಂತವರ ಕೈಗೆ ಉಗುರು ಊರಿ ಒಳಗೆ ನುಗ್ಗಿದೆ, ವಯರು ತೊಡರಿ ಬಿದ್ದೆ.

"ಸೌಂಡ್ ಹೋದ್ರೆ ಹೋಗ್ಲಿ, ಆಮೇಲೆ ತೆಗೀಬಹುದು. ಓಡ್ಲಿ, ಓಡ್ಲಿ," ಎಂದು ನಿಟ್ಟುಸಿರಿನ ದನಿ.

ಚಿಣ್ಣಿಯ ಮುಖ ಕೆಂಪಾಯಿತು. ಹಣೆಯ ನರ ಎದ್ದಿತು. ಪುಟ್ಟ ಮೈಯೆಲ್ಲ ಬಿಗಿದು ನಡುಗಿತು. ಕಣ್ಣು ಅಗಲವಾಗಿ, ತುಂಬಿ, ಎರಡೂ ಕಡೆ ನೀರು ಧಾರೆಯಾಗಿ ಇಳಿಯಿತು. ಮಾನಿಟರ್ ಮುಂದೆ ಯಾರೋ ಮೂಗು ಎಳೆದುಕೊಂಡರು. "ಕಟ್!" ಎಂದರು ನಿಟ್ಟುಸಿರು. ಗೋದಾಮಿಗೆ ಗೋದಾಮೇ ಚಪ್ಪಾಳೆ ಹೊಡೆಯಿತು. ನಟಿ ಕಣ್ಣೊರೆಸಿಕೊಂಡು, "ರಕ್ತದಲ್ಲೇ ಇದೆ ಆ ಮಗೂಗೆ" ಎಂದಳು. ಅಣ್ಣ ನೈಟಿ ಹಿಡಿದುಕೊಂಡು ನೆಲದ ಮೇಲೆ ಕೂತು ಗಳಗಳನೆ ಅಳುತ್ತಿದ್ದ. "ಅತ್ಳು, ಅತ್ತುಬಿಟ್ಳು" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಯಾರೋ ಅವನ ಬೆನ್ನು ತಟ್ಟಿದರು.

ನಾನು ಎದ್ದು ಯಾರ ಮುಖವನ್ನೂ ನೋಡದೆ ಚಿಣ್ಣಿಯನ್ನು ಎತ್ತಿಕೊಂಡು ಮೇಕಪ್ ಕೋಣೆಗೆ ಬಂದು ಚಿಲಕ ಹಾಕಿದೆ. ಅವಳು ದಂ ಕಟ್ಟಿದವಳ ಹಾಗೆ ಕೆಮ್ಮಿದಳು, ಏದುಸಿರು ಬಿಟ್ಟಳು. ನೀರು ಕುಡಿಸಿದೆ. ಮೂಗಿಗೂ ಗಲ್ಲಕ್ಕೂ ಟೀ ಬಣ್ಣ ಅಂಟಿತ್ತು. ಒದ್ದೆ ಟವೆಲಿನಲ್ಲಿ ಉಜ್ಜಿ ಉಜ್ಜಿ ಒರೆಸಿದೆ. ಒರೆಸುತ್ತ ನನ್ನ ಕಣ್ಣಲ್ಲೂ ನೀರು ಬಂತು. "ಅಳು ಕಂದ, ಈಗ ಯಾರೂ ಇಲ್ಲ" ಎಂದೆ.

"ನಾನು ಅತ್ತಿಲ್ಲ ಅತ್ತೆ," ಎಂದಳು, ಉಸಿರು ಹಿಡಿತಕ್ಕೆ ಬಂದ ಮೇಲೆ. "ಉಸಿರು ಕಟ್ಟಿದ್ದೆ. ಅದಕ್ಕೇ ಕಣ್ಣಲ್ಲಿ ನೀರು ಬಂತು."

"ಯಾಕೆ ಕಟ್ದೆ?"

"ಮೂಸಿದ್ರೆ ಟೀ ವಾಸನೇನೇ ನೆನಪಿರತ್ತೆ. ಅಮ್ಮಂದು ಮರ್ತೋಗತ್ತೆ."

ಆ ಹೊರಗಿನ ದಂಡೆಲ್ಲ ಚಪ್ಪಾಳೆ ತಟ್ಟಿದ್ದು ಇದಕ್ಕೆ. ಹೋಗಿ ಹೇಳಿಬಿಡಲೇ ಎನಿಸಿತು. ಹೇಳಿದ್ದರೆ ಆ ಮನುಷ್ಯ ಅದನ್ನೂ ಕತೆಗೆ ಸೇರಿಸಿಕೊಳ್ಳುತ್ತಿದ್ದರು.

ಬಾಗಿಲು ಬಡಿದ ಸದ್ದಾಯಿತು. "ಮೇಡಂ, ಬಾಗಿಲು ತೆಗೀರಿ, ಮಗೂಗೆ ಚಾಕ್ಲೇಟ್ ತಂದಿದೀನಿ," ನಿಟ್ಟುಸಿರಿನದೇ ದನಿ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಾಯಿ ತೆರೆದೆ.

ಚಿಣ್ಣಿ ಕಣ್ಣು ಮುಚ್ಚಿ, ಖಾಲಿ ಅಂಗೈ ಎರಡನ್ನೂ ಮೂಗಿನ ಮೇಲೆ ಬಟ್ಟಲು ಮಾಡಿ ಇಟ್ಟುಕೊಂಡು, ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತಿದ್ದಳು.

"ಮಾತಾಡ್ಬೇಡ ಅತ್ತೆ," ಎಂದಳು. "ಇನ್ನೂ ಇದೆ."